ಸ್ಟೆಪ್ನಿ ಬಗ್ಗೆ ಕೇಳದೆ ಕೊಟ್ಟ ಸಲಹೆ

ಶಿರಸಿಯಲ್ಲಿ ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿ ಶುರು ಮಾಡಿ ಹದಿನೇಳು ವರ್ಷವಾಯಿತು. ಈ ಕೆಲಸದ ಜೊತೆಗೆ ಇನ್ನೊಂದು ಕೆಲಸ ತಾನಾಗಿ ಬಂದು ಸೇರಿಕೊಂಡಿತು. ಹಳೆ ಗಾಡಿ ಕೊಳ್ಳುವವರು "ಒಂದ್ಸಲ ನೋಡಿ ಹೇಳು ಮಾರಾಯ" ಅಂತ ಕರೆಯುತ್ತಾರೆ. ನಾನು ಹೋಗುತ್ತೇನೆ, ನೋಡುತ್ತೇನೆ, ಹೇಳುತ್ತೇನೆ. ಹಾಗೆ ಹೇಳಿದ ಒಂದು ಮಾತು ಮೂರು ವರ್ಷದಿಂದ ನನ್ನ ಮನಸ್ಸಿನಲ್ಲಿ ಕೂತಿದೆ.

ಸಿದ್ದಾಪುರ ರಸ್ತೆಯ ಒಳಗಿನ ಊರಿನ ಹೆಗಡೆಯವರು ನನ್ನ ಹಳೆಯ ಗಿರಾಕಿ. ಅಡಿಕೆ ತೋಟದ ಮನೆ. ಅವರಿಗೆ ಗಾಡಿ ಎಂದರೆ ಜೀವ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಓಡಿದ ಒಂದು ವಿದೇಶಿ ಎಸ್‌ಯುವಿ ಅವರ ಕಣ್ಣಿಗೆ ಬಿದ್ದಿತ್ತು. ವಿ8 ಎಂಜಿನ್, ಎರಡು ಟರ್ಬೊ, 500ಕ್ಕಿಂತ ಜಾಸ್ತಿ ಕುದುರೆಶಕ್ತಿ. ಕಂಪನಿಯ ಹೆಸರು ಬೇಡ, ತಪ್ಪು ಗಾಡಿಯದಲ್ಲ. "ಇದ್ದ ಗಾಡಿ ಮಾರಿ ಇದನ್ನೇ ಮನೆ ಗಾಡಿ ಮಾಡೋಣ ಅಂತಿದ್ದೇನೆ. ಐದು ಜನ ಕೂರಬಹುದು, ಡಿಕ್ಕಿ ದೊಡ್ಡದಿದೆ. ಏನು ಹೇಳ್ತೀಯ?" ಅಂತ ಕೇಳಿದರು.

ಅವರ ಜೊತೆ ಬೆಂಗಳೂರಿಗೆ ಹೋದೆ. ಇಡೀ ದಿನ ಆ ಗಾಡಿ ನೋಡಿದೆ. ಸ್ಕ್ಯಾನರ್ ಹಾಕಿದೆ, ಒಂದು ಎರರ್ ಕೂಡ ಇಲ್ಲ. ಲಿಫ್ಟ್ ಮೇಲೆ ಎತ್ತಿ ಬುಷ್, ಬಾಲ್ ಜಾಯಿಂಟ್ ಎಲ್ಲ ಅಲ್ಲಾಡಿಸಿ ನೋಡಿದೆ. ಬ್ರೇಕ್ ಆಯಿಲ್‌ನಲ್ಲಿ ತೇವ ಎಷ್ಟಿದೆ ಅಂತಲೂ ಪರೀಕ್ಷೆ ಮಾಡಿದೆ. ನಮ್ಮ ಮಳೆನಾಡಿನಲ್ಲಿ ಇದನ್ನು ನೋಡಲೇಬೇಕು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ತೇವ ಎಳೆದುಕೊಂಡ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಆಯಿಲ್ ಕುದ್ದರೆ ಪೆಡಲ್ ಸೀದಾ ಒಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಈ ಗಾಡಿಯಲ್ಲಿ ಎಲ್ಲವೂ ಸರಿ ಇತ್ತು. ಟೈರಿನ ಮೇಲಿನ ನಾಲ್ಕಂಕಿ ತಾರೀಕನ್ನೂ ಓದಿದೆ, ಟೈರ್ ಹೊಸತೇ. "ಧೈರ್ಯವಾಗಿ ತಗೊಳ್ಳಿ" ಅಂದೆ.

ಗಾಡಿಯ ಬಗ್ಗೆ ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಅವರು ಕೇಳಿದ್ದು ಮನೆ ಗಾಡಿಯ ಬಗ್ಗೆ. ಅದಕ್ಕೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ.

ಜುಲೈ ತಿಂಗಳು. ಗೋಕರ್ಣದಲ್ಲಿ ಅವರ ತಂದೆಯ ಕಾರ್ಯ ಮುಗಿಸಿ ಮನೆಮಂದಿ ವಾಪಸ್ ಬರುತ್ತಿದ್ದರು. ಹೆಗಡೆಯವರು, ಅವರ ಹೆಂಡತಿ, ಮಕ್ಕಳಿಬ್ಬರು, ಮೊಣಕಾಲು ನೋವಿನ ಅಜ್ಜಿ. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ ಕತ್ತಲಾಗಿದೆ, ಜಡಿಮಳೆ. ತಿರುವಿನಲ್ಲಿ ನೀರು ನಿಂತಿತ್ತು. ನೀರಿನಡಿ ಹೊಂಡ ಇರುವುದು ಕಾಣಲಿಲ್ಲ. ಎಡಗಡೆಯ ಎರಡೂ ಚಕ್ರ ಒಂದರ ಹಿಂದೊಂದು ಅದೇ ಹೊಂಡಕ್ಕೆ ಬಿದ್ದವು. ಎರಡೂ ಟೈರಿನ ಪಕ್ಕೆ ಸೀಳಿತು.

ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿ ಇಲ್ಲ. ಒಂದು ಸಣ್ಣ ಕಂಪ್ರೆಸರ್, ಒಂದು ಬಾಟಲಿ ಪಂಕ್ಚರ್ ದ್ರವ. ಮೊಳೆ ಚುಚ್ಚಿದ ತೂತಿಗೆ ಅದು ಸಾಕು. ಸೀಳಿದ ಪಕ್ಕೆಗೆ ಏನೂ ಮಾಡುವುದಿಲ್ಲ. ಅಲ್ಲಿ ಫೋನ್ ಸಿಗ್ನಲ್ ಕೂಡ ಸರಿ ಇರಲಿಲ್ಲ. ಕೊನೆಗೆ ಕುಮಟಾದಿಂದ ಬರುತ್ತಿದ್ದ ಒಂದು ಪಿಕಪ್‌ನವರು ಅಜ್ಜಿಯನ್ನೂ ಮಕ್ಕಳನ್ನೂ ಶಿರಸಿಗೆ ಕರೆತಂದರು. ನನಗೆ ಫೋನ್ ಬಂದಾಗ ರಾತ್ರಿ ಒಂಬತ್ತೂವರೆ.

ಹೋಗುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ. ಟೈರ್ ಅಂಗಡಿಯವನು ನಾನು. ಸ್ಟೆಪ್ನಿ ಇದೆಯಾ ಅಂತ ನಾನೇ ನೋಡಬೇಕಿತ್ತಲ್ವಾ?

ಟೈರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈ ಜಾತಿಯ ಗಾಡಿಗಳ ಗುಟ್ಟು ಇರುವುದೇ ಅಲ್ಲಿ. ಟೈರಿನ ಮೇಲೆ 215/75 ಆರ್15 ಅಂತ ಬರೆದಿರುತ್ತದೆ. ಇದು ನಮ್ಮ ಬೊಲೆರೊ ಟೈರು. 215 ಎಂದರೆ ಅಗಲ, ಮಿಲಿಮೀಟರಿನಲ್ಲಿ. ಆ ಅಗಲದ ನೂರಕ್ಕೆ 75 ಪಾಲು ಪಕ್ಕೆಯ ಎತ್ತರ. ಲೆಕ್ಕ ಹಾಕಿದರೆ 161 ಮಿಲಿಮೀಟರ್. ಕೊನೆಯ 15 ರಿಮ್ಮಿನ ಅಳತೆ, ಇಂಚಿನಲ್ಲಿ. ಹೆಗಡೆಯವರ ಗಾಡಿಗೆ ಮುಂದೆ 285/40 ಆರ್21, ಹಿಂದೆ 315/35 ಆರ್21. ಪಕ್ಕೆ ಮುಂದೆ 114, ಹಿಂದೆ 110. ಅಂದರೆ ರಿಮ್ಮಿಗೂ ಹೊಂಡದ ಅಂಚಿಗೂ ನಡುವೆ ಇರುವ ರಬ್ಬರು, ಗಾಳಿ ಐದು ಸೆಂಟಿಮೀಟರ್ ಕಡಿಮೆ. ಮೇಲಿನ ಭಾರ ಮಾತ್ರ ಎರಡು ಟನ್ನಿಗೂ ಜಾಸ್ತಿ. ಹೊಂಡದ ಅಂಚು ರಿಮ್ಮಿಗೆ ಒತ್ತಿದಾಗ ನಡುವೆ ಸಿಕ್ಕ ಪಕ್ಕೆ ಕತ್ತರಿಗೆ ಸಿಕ್ಕ ಹಾಗೆ ಸೀಳುತ್ತದೆ.

ಪಕ್ಕೆ ಅಷ್ಟು ಗಿಡ್ಡ ಯಾಕೆ ಅಂದರೆ ಅದಕ್ಕೂ ಕಾರಣವಿದೆ. ಅಷ್ಟು ಭಾರದ ಗಾಡಿ ಅಷ್ಟು ವೇಗದಲ್ಲಿ ತಿರುಗುವಾಗ ಎತ್ತರದ ಪಕ್ಕೆ ಬಳುಕುತ್ತದೆ, ಸ್ಟೀರಿಂಗ್ ತಡವಾಗಿ ಮಾತು ಕೇಳುತ್ತದೆ. ಅದನ್ನು ನಿಲ್ಲಿಸಲು ಬ್ರೇಕ್ ಡಿಸ್ಕ್ ಕೂಡ 40 ಸೆಂಟಿಮೀಟರ್ ಹತ್ತಿರ ಇರಬೇಕು. ಹಾಗಾಗಿ "ಚಿಕ್ಕ ರಿಮ್, ದಪ್ಪ ಟೈರ್ ಹಾಕಿಬಿಡು" ಅಂದರೆ ಆಗುವುದಿಲ್ಲ. ಬ್ರೇಕಿನ ಕ್ಯಾಲಿಪರ್‌ಗೆ ರಿಮ್ ತಾಗುತ್ತದೆ. ಮುಂದೊಂದು ಹಿಂದೊಂದು ಅಳತೆ ಆದ್ದರಿಂದ ಟೈರ್ ಅದಲು ಬದಲು ಮಾಡಿ ಸಮವಾಗಿ ಸವೆಸಲೂ ಬರುವುದಿಲ್ಲ. ಇನ್ನು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಉಳಿದವು ಸವೆದಿರುವಾಗ ಒಂದೇ ಹೊಸ ಟೈರ್ ಹಾಕಿದರೆ ಸುತ್ತಳತೆ ಹೆಚ್ಚುಕಡಿಮೆಯಾಗಿ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. ಎರಡು ಸೀಳಿದ್ದಕ್ಕೆ ನಾಲ್ಕು ಕೊಳ್ಳಬೇಕಾಯಿತು. ಒಂದಕ್ಕೆ ಅರ್ಧ ಲಕ್ಷದ ಆಸುಪಾಸು. ಹಣ ಹೆಗಡೆಯವರಿಗೆ ದೊಡ್ಡದಲ್ಲ. ಆದರೆ ಟೈರ್ ಬರಲು ಆರು ದಿನ ಹಿಡಿಯಿತು. ಆ ಆರು ದಿನ ಮನೆಯಲ್ಲಿ ಬೇರೆ ಗಾಡಿ ಇರಲಿಲ್ಲ, ಹಳೆಯದನ್ನು ಮಾರಿ ಆಗಿತ್ತು. ಮುಖ್ಯ ರಸ್ತೆಯಿಂದ ಅವರ ಮನೆ ಎರಡು ಕಿಲೋಮೀಟರ್ ಒಳಗೆ.

ಟೈರ್ ಹಾಕಿ ಗಾಡಿ ಬಿಡಲು ಅವರ ಮನೆಗೆ ಹೋದ ದಿನ ಅಜ್ಜಿ ಜಗುಲಿಯಲ್ಲಿ ಕೂತಿದ್ದರು. ಕ್ಷಮೆ ಕೇಳಬೇಕೆಂದು ಹೋದವನಿಗೆ ಮೊದಲು ಚಹಾ ಕೊಡಿಸಿದರು. ಆಮೇಲೆ ಮೆಲ್ಲಗೆ ಅಂದರು: "ತಮಾ, ಗಾಡಿ ಚೊಲೋ ಇದ್ದು. ಹತ್ತೂದು ಇಳಿಯೂದು ಎನ್ನ ಕೈಲಿ ಆಗ್ತಿಲ್ಲೆ."

ಗಾಡಿ ತಂದ ಮೇಲಿನ ಮೂರು ತಿಂಗಳಲ್ಲಿ ಅವರು ಮಗನಿಗೆ ಇದನ್ನು ಹೇಳಿರಲಿಲ್ಲ. ಮಗ ಆಸೆಪಟ್ಟು ತಂದಿದ್ದಾನೆ ಅಂತ ಸುಮ್ನೆ ಇದ್ದರು. ಸ್ಪೋರ್ಟ್ಸ್ ಸೀಟಿನ ಎರಡೂ ಬದಿ ಉಬ್ಬಿರುತ್ತದೆ, ತಿರುವಿನಲ್ಲಿ ಮೈ ಜಾರದಿರಲಿ ಅಂತ. ಮೊಣಕಾಲು ಮಡಚಲು ಆಗದವರು ಆ ಉಬ್ಬು ದಾಟಿ ಕೂರುವುದು ಬಹಳ ಕಷ್ಟ. ಮಕ್ಕಳ ಕಥೆ ಬೇರೆ. ಸಣ್ಣವಳು ಘಟ್ಟದಲ್ಲಿ ಪ್ರತಿ ಸಲ ವಾಂತಿ ಮಾಡುತ್ತಿದ್ದಳಂತೆ. ಹಳೆ ಗಾಡಿಯಲ್ಲಿ ಹಾಗಾಗುತ್ತಿರಲಿಲ್ಲ. ಕಾಲಿಟ್ಟರೆ ನುಗ್ಗುವ, ಬಿಟ್ಟರೆ ತಡೆಯುವ ಗಾಡಿಯಲ್ಲಿ ಓಡಿಸುವವನಿಗೆ ಮುಂದೇನು ಅಂತ ಗೊತ್ತಿರುತ್ತದೆ. ಹಿಂದೆ ಕೂತವರಿಗೆ ಗೊತ್ತಿರುವುದಿಲ್ಲ. ಕಿವಿಯೊಳಗಿನ ಸಮತೋಲ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಹೊಟ್ಟೆ ತೊಳಸುವುದು ಅದಕ್ಕೇ.

ಇಷ್ಟು ಓದಿ ಇಂಥ ಗಾಡಿ ಕೆಟ್ಟದ್ದು ಅಂತ ತಿಳಿಯಬೇಡಿ. ನಾನು ಓಡಿಸಿ ನೋಡಿದ್ದೇನೆ, ಅದರ ಬ್ರೇಕಿನಂಥ ಬ್ರೇಕ್ ಬೇರೆಲ್ಲೂ ಕಂಡಿಲ್ಲ. ಅರಬೈಲ್ ಘಟ್ಟದಲ್ಲಿ ಅದಿರಿನಂಥ ಭಾರ ಹೊತ್ತ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಸಣ್ಣ ನೇರ ದಾರಿ ಸಿಕ್ಕರೂ ಸಾಕು, ಎದುರಿನ ಪಥದಲ್ಲಿ ಕ್ಷಣವೂ ಹೆಚ್ಚು ನಿಲ್ಲದೆ ದಾಟಿ ಒಳಗೆ ಬರಬಹುದು. ಅದು ನಿಜವಾದ ಸುರಕ್ಷತೆ. ಸ್ಪೋರ್ಟ್ಸ್ ಕಾರು ಮಾಡುವ ಪೋರ್ಷೆ 2002ರಲ್ಲಿ ಕಯೆನ್ ಎಂಬ ಎಸ್‌ಯುವಿ ತಂದಾಗ ತುಂಬ ಜನ ಮೂಗು ಮುರಿದಿದ್ದರು. ಮನೆಮಂದಿ ಕೂರುವ ಗಾಡಿಯೂ ವೇಗವಾಗಿ ಓಡಬಲ್ಲದು ಅಂತ ಅದು ತೋರಿಸಿತು. ಆಮೇಲೆ ಲ್ಯಾಂಬೋರ್ಗಿನಿಯ ಎಸ್‌ಯುವಿ ಉರುಸ್ ಮೊದಲು ಬಂದಾಗಲೇ 3.6 ಸೆಕೆಂಡಿಗೆ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟುತ್ತಿತ್ತು. ಆದರೆ ನಮ್ಮಲ್ಲಿ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಹಾಕಿದ ಗರಿಷ್ಠ ಮಿತಿಯೇ 100. ಕಾರವಾರದಿಂದ ಭಟ್ಕಳದವರೆಗಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದನ, ಸ್ಕೂಟರ್, ಮೀನು ಬುಟ್ಟಿ ಹೊತ್ತು ದಾಟುವ ಹೆಂಗಸರನ್ನು ನೋಡಿಕೊಂಡು ಅಷ್ಟು ವೇಗವೂ ಎಷ್ಟೋ ಕಡೆ ಜಾಸ್ತಿಯೇ.

ಪೆಟ್ರೋಲ್ ಖರ್ಚಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೀಟರಿಗೆ ಐದಾರು ಕಿಲೋಮೀಟರ್, ಕೊಳ್ಳುವವರಿಗೆ ಅದು ಮೊದಲೇ ಗೊತ್ತಿರುತ್ತದೆ. ಹೊಸದಾಗಿ ಕೊಳ್ಳುವುದಾದರೆ 20 ಲಕ್ಷ ಮೇಲಿನ ಕಾರಿಗೆ ಕರ್ನಾಟಕದಲ್ಲಿ 18 ಶೇಕಡಾ ರಸ್ತೆ ತೆರಿಗೆ, ಅದರ ಮೇಲೆ ಸೆಸ್. ಅದೂ ಗೊತ್ತಿರುತ್ತದೆ. ಗೊತ್ತಿಲ್ಲದೆ ಇರುವುದು ಕೆಟ್ಟ ದಿನದ ಲೆಕ್ಕ.

ನಮ್ಮ ಜಿಲ್ಲೆಯಲ್ಲಿ ಆ ದಿನ ಬರುತ್ತದೆ. 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಜೀವಗಳು ಹೋದವು. ಮೂರು ವಾರದ ನಂತರ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಅಂಥ ದಿನಗಳಲ್ಲಿ ಎಲ್ಲರೂ ಸುತ್ತು ದಾರಿ ಹಿಡಿಯಬೇಕು. ಸುತ್ತು ದಾರಿ ಎಂದರೆ ಒಂದೇ ಗಾಡಿ ಹಿಡಿಸುವ ಟಾರು, ಬದಿಯಲ್ಲಿ ಕೆಸರು, ಹಳ್ಳದ ಮೇಲೆ ಕಿರಿದಾದ ಸಂಕ. ಎರಡು ಮೀಟರ್ ಅಗಲದ ಗಾಡಿ, ಹನ್ನೊಂದು ಸೆಂಟಿಮೀಟರ್ ಪಕ್ಕೆಯ ಟೈರು, ಸ್ಟೆಪ್ನಿ ಇಲ್ಲ. ಆಗ ಆ ಎಂಜಿನ್ನಿನ ಶಕ್ತಿ ಯಾವ ಉಪಯೋಗಕ್ಕೂ ಬರುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಹೀಗಿದೆ. ಮನೆಯಲ್ಲಿ ಇನ್ನೊಂದು ಸಾದಾ ಗಾಡಿ ಇದ್ದರೆ ಇದನ್ನು ಖುಷಿಯಾಗಿ ಇಟ್ಟುಕೊಳ್ಳಿ. ಇರುವುದು ಇದೊಂದೇ ಅಂತಾದರೆ ನಮ್ಮ ಕಡೆ ಬೇಡ. ಅದೇ ಕಂಪನಿಯ ಅದೇ ಗಾಡಿ ಸಣ್ಣ ಎಂಜಿನ್ನಿನಲ್ಲಿ, ಸಣ್ಣ ರಿಮ್ಮಿನಲ್ಲಿ ಸಿಗುತ್ತದಲ್ಲ, ಅದು ಎಷ್ಟೋ ವಾಸಿ. ಈಗ ಬರುತ್ತಿರುವ ಬ್ಯಾಟರಿ ಎಸ್‌ಯುವಿಗಳ ಬಗ್ಗೂ ಕೇಳುತ್ತಾರೆ. ಅವು ಮನೆ ಗಾಡಿಯ ಬೆಲೆಗೇ ಭಾರಿ ವೇಗ ಕೊಡುತ್ತಿವೆ, ಘಟ್ಟ ಇಳಿಯುವಾಗ ಮೋಟಾರೇ ಗಾಡಿಯನ್ನು ತಡೆದು ಬ್ಯಾಟರಿಗೆ ಸ್ವಲ್ಪ ಕರೆಂಟ್ ವಾಪಸ್ ತುಂಬುತ್ತದೆ. ಅಲ್ಲೂ ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿ. ಎಷ್ಟೋ ಗಾಡಿಗಳಲ್ಲಿ ಇರುವುದಿಲ್ಲ.

ಕೆಲಸ ಮಾಡುವ ರೀತಿಯನ್ನೂ ಬದಲಾಯಿಸಿಕೊಂಡೆ. ಈಗ ಯಾರಾದರೂ ಮನೆಗೆ ಅಂತ ಗಾಡಿ ನೋಡಲು ಕರೆದರೆ ಮೊದಲು ಮನೆಯವರನ್ನು ಕರೆತನ್ನಿ ಅಂತೇನೆ. ಗಾಡಿಗಿಂತ ಮುಂಚೆ ಅವರ ಹತ್ತಿರ ಮಾತಾಡುತ್ತೇನೆ. ಯಾರಿಗೆ ಮೊಣಕಾಲು ನೋವು, ಯಾರಿಗೆ ವಾಂತಿ, ಮನೆಗೆ ಹೋಗುವ ದಾರಿ ಹೇಗೆ, ಮಳೆಗಾಲದಲ್ಲಿ ರಾತ್ರಿ ಆಸ್ಪತ್ರೆಗೆ ಓಡಬೇಕಾದರೆ ಯಾವ ಕಡೆ ಹೋಗುತ್ತೀರಿ. ಆಮೇಲೆ ಎಲ್ಲರನ್ನೂ ಕೂರಿಸಿ ನಿಲೇಕಣಿ ಕಡೆ ಒಂದು ಸುತ್ತು. ಓಡಿಸುವುದು ಕೊಳ್ಳುವವರು, ನಾನು ಹಿಂದಿನ ಸೀಟಿನಲ್ಲಿ ಮಕ್ಕಳ ಜೊತೆ ಕೂರುತ್ತೇನೆ. ಇದರಿಂದ ಒಂದೆರಡು ವ್ಯಾಪಾರ ತಪ್ಪಿ ಮಾರುವವರಿಗೆ ನನ್ನ ಮೇಲೆ ಬೇಜಾರಾಗಿದೆ. ಆಗಲಿ.

ಹೆಗಡೆಯವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಆ ವರ್ಷ ದೀಪಾವಳಿಗೆ ಒಂದು ಸಾದಾ ಡೀಸೆಲ್ ಗಾಡಿ ತಂದರು. ಸೀಟು ಚಪ್ಪಟೆ, ಟೈರು ದಪ್ಪ, ಸ್ಟೆಪ್ನಿ ಪೂರ್ತಿ ಅಳತೆಯದು. ಬಾಗಿಲ ಕಂಬಕ್ಕೆ ಅಜ್ಜಿಗೆ ಅಂತ ಒಂದು ಹಿಡಿಕೆಯನ್ನು ನಾನೇ ಕೂರಿಸಿಕೊಟ್ಟೆ. ದೊಡ್ಡ ಗಾಡಿ ಇನ್ನೂ ಅವರ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿದೆ. ಮಳೆ ಬಿಟ್ಟ ಮೇಲೆ, ನವೆಂಬರಿನಿಂದ ಮೇವರೆಗೆ, ಅವರೊಬ್ಬರೇ ಬೆಳಿಗ್ಗೆ ಬೇಗ ತೆಗೆದುಕೊಂಡು ಹೋಗುತ್ತಾರೆ. ಅದಕ್ಕೆ ಅಂತ ಎರಡು ಹೊಸ ಟೈರ್ ತರಿಸಿ ನಮ್ಮ ಅಂಗಡಿಯಲ್ಲೇ ಇಟ್ಟಿದ್ದಾರೆ. ಒಂದು ಮುಂದಿನದು, ಒಂದು ಹಿಂದಿನದು. ಬಿಸಿಲು ತಾಗದ ಮೂಲೆಯಲ್ಲಿ ಇಟ್ಟು, ಮೇಲೆ ಚಾಕ್‌ನಲ್ಲಿ ಅವರ ಮನೆ ಹೆಸರು ಬರೆದಿದ್ದೇನೆ.