"ಇನ್ನೊಂದು ಹತ್ತು ಬಾಕ್ಸ್ ಹಿಡಿಯುತ್ತೆ ಬಿಡಣ್ಣ"

ನಮ್ಮ ಶ್ರೀನಿವಾಸಪುರದ ಕಡೆ ಟೊಮೆಟೊ ಬೆಳೆಯುವವರಿಗೆಲ್ಲ ಈ ಮಾತು ಗೊತ್ತು. ತೋಟದ ಪಕ್ಕ ಪಿಕಪ್ ನಿಂತಿರುತ್ತದೆ, ಬಾಕ್ಸುಗಳು ಕ್ಯಾಬಿನ್‌ಗಿಂತ ಮೇಲೆ ಹೋಗಿರುತ್ತವೆ, ಹಗ್ಗ ಬಿಗಿಯುವುದಷ್ಟೇ ಬಾಕಿ. ಬದುವಿನ ಮೇಲೆ ಉಳಿದಿರುವ ಬಾಕ್ಸುಗಳನ್ನು ನೋಡಿ ಡ್ರೈವರ್ರೇ ಈ ಮಾತು ಹೇಳುತ್ತಾನೆ. ನಾನೂ ಹಾಕಿಸಿದ್ದೇನೆ. ಒಂದಲ್ಲ, ಎಷ್ಟೋ ಸಲ.

ಹೋದ ವರ್ಷ ಹಾಗೇ 170 ಬಾಕ್ಸ್ ಹೇರಿಸಿಕೊಂಡು, ಬೆಳಗಿನ ಜಾವ ಕೋಲಾರದ ಮಂಡಿಗೆ ಅದೇ ಗಾಡಿಯಲ್ಲಿ ಹೊರಟೆ. ಎದುರಿಗೆ ಬಂದವರೆಲ್ಲ ನಮಗೆ ಲೈಟ್ ಮಿಟುಕಿಸಿ ಬೈದುಕೊಂಡು ಹೋಗುತ್ತಿದ್ದರು. "ನಾನು ಡಿಮ್ಮಲ್ಲೇ ಇದೀನಣ್ಣ, ಇವರಿಗೇನು ಬಂತು" ಅಂತ ನಮ್ಮ ಡ್ರೈವರ್‌ಗೆ ಸಿಟ್ಟು. ಡಿಮ್ಮಲ್ಲೇ ಇದ್ದ, ಸುಳ್ಳಲ್ಲ. ಆದರೆ ಹಿಂದೆ ಭಾರ ಬಿದ್ದು ಗಾಡಿಯ ಮೂತಿ ಮೇಲೆದ್ದಿತ್ತು, ಡಿಮ್ ಲೈಟೂ ಎದುರಿನವರ ಕಣ್ಣಿಗೇ ಹೊಡೆಯುತ್ತಿತ್ತು. ಇದು ನನಗೆ ಹೊಳೆದದ್ದು ಆಮೇಲೆ.

ಒಂದು ಕೆರೆ ಏರಿ ಇಳಿಯುವ ಕಡೆ, ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಸಿಕ್ಕಿತು. ಬ್ರೇಕ್ ಒತ್ತಿದ. ಗಾಡಿ ನಿಲ್ಲಲಿಲ್ಲ. ನಿಧಾನ ಆಯಿತು ಅಷ್ಟೇ, ಭಾರ ಹಿಂದಿನಿಂದ ತಳ್ಳುತ್ತಲೇ ಇತ್ತು. ಸ್ಟೀರಿಂಗ್ ಎಡಕ್ಕೆ ಎಳೆದ, ಮೇಲಿದ್ದ ಲೋಡು ಬಲಕ್ಕೆ ವಾಲಿತು, ಹಗ್ಗ ಕಿತ್ತು ಒಂದಷ್ಟು ಬಾಕ್ಸು ರಸ್ತೆಗೆ ಹಾರಿದವು, ಕೊನೆಗೆ ಯಾರೋ ಸುರಿದಿದ್ದ ಜಲ್ಲಿ ಗುಡ್ಡೆಗೆ ಚಕ್ರ ಹೂತು ನಿಂತೆವು. ಯಾರಿಗೂ ಏನೂ ಆಗಲಿಲ್ಲ. ಕೆಳಗಿಳಿದು ಮೊಬೈಲ್ ಟಾರ್ಚ್ ಹಿಡಿದು ಟೊಮೆಟೊ ಆಯುತ್ತಿದ್ದಾಗ ಕೈ ನಡುಗುತ್ತಿತ್ತು.

ಲೆಕ್ಕ ಮೊದಲೇ ಹಾಕಬಹುದಿತ್ತು. ಮಾಡಲಿಲ್ಲ. ಕೋಲಾರದ ಬಾಕ್ಸ್ ಅಂದರೆ 15 ಕೆಜಿ. 170 ಬಾಕ್ಸಿಗೆ 2,550 ಕೆಜಿ, ಖಾಲಿ ಕ್ರೇಟಿನ ತೂಕ ಬೇರೆ. ಆ ಗಾಡಿ ಹೊರಬೇಕಾದದ್ದು ಸುಮಾರು ಒಂದೂವರೆ ಟನ್, ಅಂದರೆ ನೂರು ಬಾಕ್ಸಿಗೂ ಕಡಿಮೆ. ಇದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಆರ್‌ಸಿಯಲ್ಲಿ ಲೋಡ್ ಸೇರಿ ಒಟ್ಟು ಎಷ್ಟು ತೂಕ ಇರಬಹುದು ಅಂತಲೂ ಇರುತ್ತದೆ, ಖಾಲಿ ಗಾಡಿಯ ತೂಕವೂ ಇರುತ್ತದೆ, ಕಳೆದರೆ ಸಿಗುತ್ತದೆ. ಕ್ಯಾಬಿನ್‌ನಲ್ಲಿ ಕೂರುವವರ ತೂಕವೂ ಅದರಲ್ಲೇ ಬರಬೇಕು.

"ಹಿಂದೆ ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದೀನಿ, ಏನಾಗಲ್ಲ" ಅನ್ನುತ್ತಾರೆ ಡ್ರೈವರ್‌ಗಳು. ಸರಿ, ಸ್ಪ್ರಿಂಗ್ ಪ್ಲೇಟ್ ಜಾಸ್ತಿ ಮಾಡಿದರೆ ಗಾಡಿ ಕುಸಿಯುವುದಿಲ್ಲ. ಆದರೆ ಬ್ರೇಕ್ ಅದೇ ಹಳೇ ಬ್ರೇಕ್, ಟೈರ್ ಅದೇ, ಆಕ್ಸಲ್ ಅದೇ. ನನ್ನ ಪ್ರಕಾರ ಇದು ಇನ್ನೂ ಕೆಟ್ಟದ್ದು. ಕುಸಿದ ಗಾಡಿ ನೋಡಿದರೆ ಭಯವಾದರೂ ಆಗುತ್ತದೆ, ನೆಟ್ಟಗೆ ನಿಂತ ಗಾಡಿ ನೋಡಿದರೆ ಅದೂ ಇಲ್ಲ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಅದು ಕಾದು ಹಿಡಿತ ಬಿಡುತ್ತದೆ, ಭಾರ ಜಾಸ್ತಿ ಇದ್ದಷ್ಟೂ ಬೇಗ. ಬೇಸಿಗೆಯಲ್ಲಿ ಟೈರಿನದೂ ಇದೇ ಕಥೆ.

ಟೊಮೆಟೊ ಹೋದರೆ ಹೋಯಿತು. ಬೆಳಗ್ಗೆ ಕೀಳಲು ಬರುವ ಕೂಲಿಯವರೂ ಇದೇ ಪಿಕಪ್ಪಿನಲ್ಲಿ ನಿಂತುಕೊಂಡು ಬರುತ್ತಾರಲ್ಲ, ಇಪ್ಪತ್ತು ಜನ, ಇಪ್ಪತ್ತೈದು ಜನ, ಹೆಚ್ಚಿನವರು ಹೆಂಗಸರು. 2024ರ ಮೇ ತಿಂಗಳಲ್ಲಿ ಛತ್ತೀಸ್‌ಗಢದ ಕಬೀರ್‌ಧಾಮ್ ಜಿಲ್ಲೆಯಲ್ಲಿ ಬೀಡಿ ಎಲೆ ಕೀಳಲು ಹೋಗಿದ್ದವರ ಪಿಕಪ್ ಕಣಿವೆಗೆ ಬಿದ್ದು 19 ಜನ ಸತ್ತರು. ನಮ್ಮಲ್ಲೇ 2025ರ ಜನವರಿ 22ರ ಬೆಳಗಿನ ಜಾವ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರದ ಹತ್ತಿರ ಕಂದಕಕ್ಕೆ ಉರುಳಿ, ಲೋಡಿನ ಜೊತೆ ಹತ್ತಿದ್ದ 10 ಜನ ಹೋದರು. ಅದು ಪಿಕಪ್ ಅಲ್ಲ, ಲಾರಿ. ಆದರೆ ಸರಕಿನ ಗಾಡಿಯಲ್ಲಿ ಸೀಟಿಲ್ಲ, ಬೆಲ್ಟಿಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ಮಗುಚಿದರೆ ಜನ ಕೆಳಗೆ, ಲೋಡು ಮೇಲೆ.

ಸತ್ತ ಮೇಲಿನ ಕಥೆ ಇನ್ನೊಂದು. ಸರಕಿನ ಗಾಡಿಯಲ್ಲಿ ಸುಮ್ನೆ ಹತ್ತಿ ಹೋದವರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಸರಕಿನ ಮಾಲೀಕ ಜೊತೆಗೆ ಹೋಗುತ್ತಿದ್ದರೆ ಮಾತು ಬೇರೆ. ಉಳಿದವರ ಪರಿಹಾರ ಗಾಡಿಯವನ ತಲೆಗೆ ಬರುತ್ತದೆ. ಅವನೋ, ಗಾಡಿಯ ಕಂತನ್ನೇ ಕಟ್ಟಲಾಗದೆ ಒದ್ದಾಡುತ್ತಿರುತ್ತಾನೆ.

ದಂಡದ ಭಯ ಇಲ್ವಾ ಅಂದರೆ, ಕಾಗದದ ಮೇಲೆ ಇದೆ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಜಾಸ್ತಿಯಾದ ಪ್ರತಿ ಟನ್‌ಗೆ ಇನ್ನೂ 2,000. ಹೆಚ್ಚಿನ ಲೋಡನ್ನು ಅಲ್ಲೇ ಇಳಿಸಬೇಕು. ಬೆಳಗಿನ ಜಾವ ಹಳ್ಳಿ ರಸ್ತೆಯಲ್ಲಿ ತೂಕ ನೋಡುವವರು ಯಾರಿದ್ದಾರೆ ಹೇಳಿ.

ನನಗೆ ಅನ್ನಿಸುವುದು, ಡ್ರೈವರ್‌ನ್ನು ಬೈದು ಪ್ರಯೋಜನವಿಲ್ಲ. ನಾವು ಬಾಡಿಗೆ ಕೊಡುವುದೇ ಬಾಕ್ಸಿಗಿಷ್ಟು ಅಂತ. ಕೂಲಿಯವರನ್ನು ಕರೆತರುವುದೂ ತಲೆಗಿಷ್ಟು ಅಂತ. ಹಾಗಿದ್ದ ಮೇಲೆ ಅವನು ನೂರಕ್ಕೇ ನಿಲ್ಲಿಸಲಿ ಅಂದರೆ ಹೇಗೆ? ರೇಟ್ ಬಿದ್ದಾಗಲಂತೂ ನಾವೇ ಒಂದು ಟ್ರಿಪ್ ಉಳಿಸಲು ನೋಡುತ್ತೇವೆ.

ಈ ಸಲ ಟ್ರಿಪ್ಪಿಗಿಷ್ಟು ಅಂತ ಮಾತಾಡಿದೆ, 90 ಬಾಕ್ಸಿಗಿಂತ ಮೇಲೆ ಬೇಡ ಅಂದೆ. ಬಾಡಿಗೆ ಬಾಕ್ಸ್ ಲೆಕ್ಕಕ್ಕಿಂತ ಜಾಸ್ತಿಯೇ ಬಿತ್ತು, ಮನೆಯಲ್ಲಿ ಬೈಸಿಕೊಂಡೆ. ಡ್ರೈವರೇನೋ ಖುಷಿಯಾಗಿ ಒಪ್ಪಿದ. ಮೂರನೇ ದಿನ ಅದೇ ಗಾಡಿ ಪಕ್ಕದ ಊರಿನವರ ಲೋಡು ಹೇರಿಕೊಂಡು, ಮೂತಿ ಮೇಲೆತ್ತಿಕೊಂಡು ನಮ್ಮ ತೋಟದ ಮುಂದೆಯೇ ಹೋಯಿತು. ಎಷ್ಟು ಬಾಕ್ಸ್ ಅಂತ ಕೈ ಸನ್ನೆಯಲ್ಲೇ ಕೇಳಿದೆ. ನಕ್ಕು ಹಾರ್ನ್ ಹೊಡೆದು ಹೋದ.