ಗಲ್ಲಿಗೇರಿದ ಮಂತ್ರಿಯ ಮಗ

ಅಪ್ಪನನ್ನು ಗಲ್ಲಿಗೇರಿಸಿದ ಗಾದಿಗೆ ಮಗ ಚಾಕರಿ ಮಾಡಬಹುದೇ? ಖಲೀಲುಲ್ಲಾ ಖಲೀಲಿ ಮಾಡಿದರು. ಅಫ್ಘಾನಿಸ್ತಾನದ ದೊಡ್ಡ ಫಾರಸಿ ಕವಿ, ಹುಟ್ಟಿದ್ದು 1907ರಲ್ಲಿ. ಮಂತ್ರಿಯಾದರು, ರಾಯಭಾರಿಯಾದರು, ನಡುವೆ ಜೈಲೂ ಕಂಡರು. ಬೀದರಿನ ತಹಸೀಲ್ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡುತ್ತಲೇ ತಲೆ ನರೆತ ನನ್ನನ್ನು ಈ ಮನುಷ್ಯ ಸುಮ್ಮನೆ ಬಿಡುತ್ತಿಲ್ಲ.

ಅವರ ಹೆಸರು ನನ್ನ ಕಿವಿಗೆ ಬಿದ್ದದ್ದು ರೆಕಾರ್ಡ್ ರೂಮಿನಲ್ಲಿ. ಬೀದರ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ನಿಜಾಮರ ಕಾಲದ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ. ಅಜ್ಜನ ಹೊಲಕ್ಕೆ ಯಾರಾದರೂ ತಕರಾರು ತೆಗೆದರೆ ಕೆಂಪು ಬಟ್ಟೆಯ ಬಸ್ತಾ ಬಿಚ್ಚಬೇಕು, ಓದಬಲ್ಲವರನ್ನು ಕರೆಸಬೇಕು. ನಮಗೆ ಓದಿ ಹೇಳುತ್ತಿದ್ದವರು ಒಬ್ಬ ಹಿರಿಯ ಭಾಯಿಸಾಬರು. ರಿಟೈರ್ ಆದ ಮೇಲೂ ಹೇಳಿ ಕಳಿಸಿದರೆ ಬರುತ್ತಿದ್ದರು. ಚುಕ್ಕೆ ಹಾರಿಹೋದ, ಒಂದಕ್ಕೊಂದು ಹೆಣೆದುಕೊಂಡ ಅವಸರದ ಅಕ್ಷರ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಸರ್ವೆ ನಂಬರಿನ ಕೆಳಗೆ ಉಗುರು ಊರಿ, "ಬರ್ಕೋರಿ ಸರ" ಎಂದು ಸರಸರ ಹೇಳುತ್ತಾ ಹೋಗುತ್ತಿದ್ದರು. ಚಾ ಬಂದರೆ ಹೊಲದ ಮಾತು ನಿಂತು ಫಾರಸಿ ಪದ್ಯ ಶುರು. ಸಾದಿ, ಹಾಫಿಜ್, ಒಮ್ಮೊಮ್ಮೆ ಖಲೀಲಿ. "ಇಂವಾ ನಮ್ಮಂಗ ದಫ್ತರದಾಗಿನ ಮನುಷ್ಯಾ ಇದ್ದಾರಿ" ಅಂದಿದ್ದರು. ಅಷ್ಟು ಸಾಕಾಯಿತು ನನಗೆ.

ಖಲೀಲಿಯವರ ತಂದೆ ಮಿರ್ಜಾ ಮುಹಮ್ಮದ್ ಹುಸೇನ್ ಖಾನ್, ಆಗಿನ ಅಫ್ಘನ್ ದೊರೆ ಅಮೀರ್ ಹಬೀಬುಲ್ಲಾನ ಹಣಕಾಸು ಮಂತ್ರಿ. ಕಾಬೂಲಿನಲ್ಲೊಂದು, ಜಲಾಲಾಬಾದಿನಲ್ಲೊಂದು ಹವೇಲಿ. ಹುಡುಗನಿಗೆ ಏಳು ವರ್ಷವಾದಾಗ ತಾಯಿ ತೀರಿಕೊಂಡರು. 1919ರಲ್ಲಿ ಅಮೀರನ ಕೊಲೆಯಾಯಿತು. ಗಾದಿಗೆ ಬಂದ ಅಮೀರನ ಮಗ ಅಮಾನುಲ್ಲಾ ಹಳೆಯ ಮಂತ್ರಿಯನ್ನು ಹಿಡಿಸಿ ಗಲ್ಲಿಗೆ ಹಾಕಿಸಿದ. ತಬ್ಬಲಿ ಹುಡುಗನಿಗೆ ರಾಜಧಾನಿಯಲ್ಲಿ ನೆಲೆ ತಪ್ಪಿತು. ಕಾಬೂಲಿನ ಉತ್ತರಕ್ಕಿರುವ ಶಮಾಲಿ ಬಯಲಿನಲ್ಲಿ ವಿದ್ವಾಂಸರ ಮುಂದೆ ಕೂತು ಹಳೆಯ ಸಾಹಿತ್ಯ ಓದಿದ, ಪದ್ಯ ಕಟ್ಟತೊಡಗಿದ. ಅಮಾನುಲ್ಲಾ ಸುಧಾರಕ ದೊರೆ, ಬ್ರಿಟಿಷರ ಹಿಡಿತದಿಂದ ದೇಶ ಬಿಡಿಸಿಕೊಂಡವನು ಎಂದು ಚರಿತ್ರೆ ಪುಸ್ತಕಗಳು ಹೇಳುತ್ತವೆ. ಅದೂ ಖರೆ. ಆದರೆ ಆ ಹುಡುಗನ ಎದುರು ಹೋಗಿ ಯಾರು ಹೇಳಬೇಕು?

1929ರಲ್ಲಿ ಹಬೀಬುಲ್ಲಾ ಕಲಕಾನಿ ಎಂಬಾತ ಅಮಾನುಲ್ಲಾನನ್ನು ಓಡಿಸಿ ಒಂಬತ್ತು ತಿಂಗಳು ಆಳಿದ. ಖಲೀಲಿಯವರ ಸೋದರಮಾವ ಅಬ್ದುಲ್ ರಹೀಂ ಖಾನ್ ಪಶ್ಚಿಮ ಅಫ್ಘಾನಿಸ್ತಾನದ ಹೆರಾತಿನ ಅಧಿಕಾರಿಯಾದರು, ಇವರೂ ಅಲ್ಲಿಗೇ ಹೋದರು. ಕಲಕಾನಿಯನ್ನು ಮುಂದಿನ ದೊರೆ ನಾದಿರ್ ಶಾ ಕೊಲ್ಲಿಸಿದ ಮೇಲೂ ಮಾವ-ಅಳಿಯ ಹೆರಾತಿನಲ್ಲಿ ಉಳಿದರು. ಸರ್ಕಾರ ಬದಲಾದರೂ ಕುರ್ಚಿ ಉಳಿಸಿಕೊಳ್ಳುವ ವಿದ್ಯೆ ಎಲ್ಲ ಊರಲ್ಲೂ ಒಂದೇ. ಮುಂದೆ ಎಷ್ಟೋ ವರ್ಷದ ಮೇಲೆ ಖಲೀಲಿ ಅದೇ ಕಲಕಾನಿಯ ಬಗ್ಗೆ ಅಭಿಮಾನದಿಂದ ಒಂದು ಪುಸ್ತಕ ಬರೆದರು ಎಂಬುದನ್ನೂ ಇಲ್ಲಿ ಹೇಳಬೇಕು.

ಹೆರಾತ್ ಎಂದ ಕೂಡಲೇ ಬೀದರಿನವರ ಕಿವಿ ನೆಟ್ಟಗಾಗಬೇಕು. ನಮ್ಮ ಮಹಮೂದ್ ಗವಾನ್ ಪತ್ರ ಬರೆದು ಬೀದರಿಗೆ ಬನ್ನಿ ಎಂದು ಕರೆದದ್ದು ಹೆರಾತಿನ ಮಹಾಕವಿ ಜಾಮಿಯನ್ನು. ಜಾಮಿ ಬರಲಿಲ್ಲ, ಉತ್ತರ ಬರೆದರು. ಗವಾನ್ ಅಫ್ಘಾನಿ ಅಲ್ಲ, ಇರಾನಿನ ಗಿಲಾನ್ ಕಡೆಯವನು. 1453ರ ಹೊತ್ತಿಗೆ ವ್ಯಾಪಾರಕ್ಕೆಂದು ಬಂದವನು ಬಹಮನಿ ರಾಜ್ಯದ ವಜೀರನಾದ. 1472ರಲ್ಲಿ ಅವನು ಕಟ್ಟಿಸಿದ ಮದರಸಾದಲ್ಲಿ ಈಗ ಒಂದೇ ಮಿನಾರು ನಿಂತಿದೆ. ನೀಲಿ ಹೆಂಚಿನ ಚೂರುಗಳು ಅಲ್ಲಲ್ಲಿ ಅಂಟಿಕೊಂಡಿವೆ. ಪ್ರವಾಸಿಗಳು ಅದರ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಆ ಮನುಷ್ಯ ಬಿಟ್ಟುಹೋದ ದೊಡ್ಡ ಬರಹ ಯಾವುದು ಎಂದು ಕೇಳಿದರೆ ನಮ್ಮೂರವರೂ ತಡವರಿಸುತ್ತಾರೆ. ಪತ್ರಗಳು! 'ರಿಯಾಜುಲ್ ಇನ್ಶಾ' ಎಂಬ ಸಂಗ್ರಹದಲ್ಲಿ ದೊರೆಗಳಿಗೆ, ವಿದ್ವಾಂಸರಿಗೆ, ಮನೆಯವರಿಗೆ ಬರೆದ ಓಲೆಗಳಿವೆ. ಪತ್ರ ಬರೆಯುವ ಕಲೆಯ ಮೇಲೆಯೇ ಇನ್ನೊಂದು ಪುಸ್ತಕವನ್ನೂ ಬರೆದ. ಕಡೆಗೆ ಅವನ ಜೀವ ತೆಗೆದದ್ದೂ ಒಂದು ಪತ್ರವೇ. ವೈರಿಗಳು ಅವನ ಮೊಹರು ಒತ್ತಿಸಿ ಖೊಟ್ಟಿ ಪತ್ರ ಸೃಷ್ಟಿಸಿದರು, 1481ರಲ್ಲಿ ಸುಲ್ತಾನ ಕೊಲ್ಲಿಸಿದ.

ನಾನು ಹೇಳಬೇಕಾದ್ದು ಇದೇ. ಫಾರಸಿ ಲೋಕದಲ್ಲಿ ಲೆಕ್ಕ, ಅರ್ಜಿ, ಫರ್ಮಾನು ಬರೆಯುವ ಕೈಯೇ ಪದ್ಯವನ್ನೂ ಬರೆಯುತ್ತಿತ್ತು. ದಫ್ತರಕ್ಕೆ ಬರುವವನಿಗೆ ಸಾದಿ ಬಾಯಿಪಾಠವಿರಬೇಕು. ಖಲೀಲಿ ಬೆಳೆದದ್ದು ಆ ಸಂಪ್ರದಾಯದಲ್ಲಿ. ನಮ್ಮ ರಾಜ್ಯೋತ್ಸವದ ಕವಿಗೋಷ್ಠಿಗಳಲ್ಲಿ "ವೃತ್ತಿಯಲ್ಲಿ ಗುಮಾಸ್ತ, ಪ್ರವೃತ್ತಿಯಲ್ಲಿ ಕವಿ" ಎಂದು ಮೈಕಿನಲ್ಲಿ ಕೂಗಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹಗಲೆಲ್ಲ ನಾನು ಏನು, ಹುಲ್ಲು ಕೊಯ್ಯುತ್ತಿದ್ದೆನೆ?

ಖಲೀಲಿ ಹೆರಾತಿನಲ್ಲಿದ್ದಾಗ ಆ ಊರಿನ ಚರಿತ್ರೆ ಹಿಡಿದು 'ಆಸಾರೆ ಹೆರಾತ್' ಬರೆದರು. ಆಮೇಲೆ ಕಾಬೂಲಿಗೆ ಬಂದರು. 1945ರಲ್ಲಿ ಅವರ ಸಾಫಿ ಕುಲದವರು ದಂಗೆ ಎದ್ದಾಗ ಮಾವ-ಅಳಿಯ ಇಬ್ಬರಿಗೂ ಸೆರೆಮನೆ. ಬಿಡುಗಡೆಯಾದ ಮೇಲೆ ಕಂದಹಾರಿಗೆ ಗಡೀಪಾರು. 1950ರ ದಶಕದಲ್ಲಿ ಗಾಳಿ ತಿರುಗಿತು. ವಾರ್ತೆ ಮತ್ತು ಸಂಸ್ಕೃತಿ ಮಂತ್ರಿಯಾದರು, ಕಾಬೂಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ದೊರೆ ಜಾಹಿರ್ ಶಾ ಜೊತೆ ಶಿಕಾರಿಗೂ ಹೋದರು. ಈ ಶಿಕಾರಿ ನನಗೆ ಅಷ್ಟು ಹಿಡಿಸುವುದಿಲ್ಲ. ಜೈಲಿಗೆ ಹಾಕಿದ್ದು ಅದೇ ಮನೆತನದ ಆಡಳಿತ. ಭಾಯಿಸಾಬರಿಗೆ ಹೇಳಿದೆ. "ಸರ, ನಿಮಗ ಮೆಮೊ ಕೊಟ್ಟ ಸಾಹೇಬರ ಮಗಳ ಮದ್ವಿಗಿ ನೀವು ಹೋಗಲಿಲ್ಲೇನು?" ಎಂದರು. ಹೋಗಿದ್ದೆ.

ಸೌದಿ ಅರೇಬಿಯಾ, ಇರಾಕ್‌ಗಳಲ್ಲಿ ರಾಯಭಾರಿಯಾಗಿದ್ದ ವರ್ಷಗಳನ್ನು ಬೇಗ ದಾಟುತ್ತೇನೆ. 1978ರ ಏಪ್ರಿಲ್‌ನಲ್ಲಿ ಕಾಬೂಲಿನಲ್ಲಿ ಕಮ್ಯುನಿಸ್ಟರ ಕ್ಷಿಪ್ರಕ್ರಾಂತಿಯಾಯಿತು. ಖಲೀಲಿ ಮೊದಲು ಜರ್ಮನಿಗೆ, ಆಮೇಲೆ ಅಮೆರಿಕಕ್ಕೆ ಹೋದರು. ಕುರ್ಚಿ ಇಲ್ಲ, ದೇಶವೂ ಇಲ್ಲ. ಯುದ್ಧದ ಬಗ್ಗೆ ಅವರ ಅತಿ ತೀಕ್ಷ್ಣ ಪದ್ಯಗಳು ಹುಟ್ಟಿದ್ದು ಆಗ. ಮೊದಲಿಂದಲೂ ರುಬಾಯಿಗಳಿಗೆ ಅವರು ಹೆಸರಾದವರು. ನಾಲ್ಕೇ ಸಾಲು, ಒಂದು, ಎರಡು ಮತ್ತು ನಾಲ್ಕಕ್ಕೆ ಪ್ರಾಸ. ಮೂರನೆಯದು ಬಿಡುಗಾಲಿನದು, ಅಲ್ಲಿ ಓದುವವನು ಒಂದು ಕ್ಷಣ ತಡೆಯುತ್ತಾನೆ, ನಾಲ್ಕನೆಯದು ಬಂದು ಹೊಡೆಯುತ್ತದೆ. ಒಳ್ಳೆಯ ಆಫೀಸ್ ಟಿಪ್ಪಣಿಯೂ ಹಾಗೆಯೇ. ದೇಶ ಕಳಕೊಂಡ ದುಃಖವೇ ಅವರನ್ನು ದೊಡ್ಡ ಕವಿ ಮಾಡಿತು ಎನ್ನುವವರಿದ್ದಾರೆ. ದುಃಖ ಲಕ್ಷಾಂತರ ಅಫ್ಘನ್ನರಿಗೆ ಇತ್ತು. ಪಳಗಿದ ಕೈ ಇದ್ದದ್ದು ಎಷ್ಟು ಮಂದಿಗೆ?

ಕೊನೆಗಾಲಕ್ಕೆ ಇಸ್ಲಾಮಾಬಾದಿಗೆ ಬಂದರು, 1987ರಲ್ಲಿ ತೀರಿಕೊಂಡರು. ಪೇಶಾವರದಲ್ಲಿ ಪಶ್ತೋ ಕವಿ ರಹಮಾನ್ ಬಾಬಾನ ಗೋರಿಯ ಬಳಿ ಮಣ್ಣು ಮಾಡಿದರು. 2012ರಲ್ಲಿ ಅವಶೇಷ ತೆಗೆದು ಕಾಬೂಲ್ ವಿಶ್ವವಿದ್ಯಾಲಯದ ಆವರಣಕ್ಕೆ ಒಯ್ದರು. ಗೋರಿಗೂ ವರ್ಗಾವಣೆ!

ಮಗ ಮಸೂದ್ ಖಲೀಲಿಯೂ ಕವಿ, ದಿಲ್ಲಿಯಲ್ಲಿ ಅಫ್ಘನ್ ರಾಯಭಾರಿಯಾಗಿದ್ದವರು. 2001ರ ಸೆಪ್ಟೆಂಬರ್ 9ರಂದು ಪತ್ರಕರ್ತರ ಸೋಗಿನಲ್ಲಿ ಬಂದವರು ಬಾಂಬ್ ಸಿಡಿಸಿ ತಾಲಿಬಾನ್ ವಿರೋಧಿ ಪಡೆಯ ನಾಯಕ ಅಹ್ಮದ್ ಶಾ ಮಸೂದ್‌ನನ್ನು ಕೊಂದಾಗ ಇವರು ಪಕ್ಕದಲ್ಲೇ ಕೂತಿದ್ದರು. ತೀವ್ರ ಗಾಯವಾದರೂ ಬದುಕಿದರು. ಮುಂದೆ ಟರ್ಕಿಯಲ್ಲಿ, ಸ್ಪೇನಿನಲ್ಲಿ ಮತ್ತೆ ರಾಯಭಾರಿ.

ಇದನ್ನು ಫೋನಿನಲ್ಲಿ ಹೇಳಿದಾಗ ಭಾಯಿಸಾಬರು ನಕ್ಕರು. "ಆ ಮನ್ಯಾಗ ಬ್ಯಾರೆ ಧಂಧಾ ಯಾರಿಗೂ ಬರಲಿಲ್ಲೇನ್ರಿ?" ಎಂದವರು, ಮೊಮ್ಮಗ ಎಫ್‌ಡಿಎ ಪರೀಕ್ಷೆಗೆ ಕೂತಿದ್ದಾನೆ, ಕನ್ನಡ ಪೇಪರಿಗೆ ಹಳೆಯ ಪ್ರಶ್ನೆಪತ್ರಿಕೆ ಇದ್ದರೆ ಕಳಿಸಿ ಎಂದರು.