ಸುರುಳಿ ಸುತ್ತಿದ ಕೇಬಲ್

ಕಳೆದ ತಿಂಗಳು ಕಲಬುರಗಿಯ ನಮ್ಮ ದಾಲ್ ಮಿಲ್ಲಿನಲ್ಲಿ, 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಲ್ಲಿನ ತೊಗರಿಬೇಳೆಯ ಕುರಿತು ಒಂದು ಜಾಹೀರಾತಿನ ಚಿತ್ರೀಕರಣ ನಡೆಯಿತು. ಲೈಟಿನ ಹುಡುಗರು ಹೆಚ್ಚುಳಿದ ಕೇಬಲನ್ನು ಸುರುಳಿ ಸುತ್ತಿ ಹೊಟ್ಟಿನ ಚೀಲಗಳ ಪಕ್ಕದಲ್ಲಿಟ್ಟದ್ದನ್ನು ಕಂಡಾಗ, ಮಿಲ್ಲಿನ ಸುರಕ್ಷತೆ ನೋಡಿಕೊಳ್ಳುವ ನನಗೆ ಎದೆ ಧಸಕ್ಕೆಂದಿತು. ಇಂಥದೇ ಒಂದು ಸುರುಳಿಯನ್ನು ನಾನು ಯುದ್ಧನೌಕೆಯ ಮೇಲೆ ಕಂಡಿದ್ದೆ.

ಆಗ ನಾನು ನೌಕಾಪಡೆಯಲ್ಲಿ ಪೆಟಿ ಆಫೀಸರ್, ಅಂದರೆ ಕಿರಿಯ ನಾವಿಕರ ತಂಡ ನೋಡಿಕೊಳ್ಳುವ ಹಿರಿಯ ನಾವಿಕ. ಮುಂಬೈಯಲ್ಲಿ ಜೆಟ್ಟಿಗೆ ಕಟ್ಟಿದ್ದ ನಮ್ಮ ಹಡಗಿನ ಮೇಲೆ ಮೂರು ದಿನ ಸಿನಿಮಾ ಚಿತ್ರೀಕರಣವಿತ್ತು. ಎರಡನೆಯ ದಿನದ ಡ್ಯೂಟಿ ಫೈರ್ ಪಾರ್ಟಿ, ಅಂದರೆ ಬೆಂಕಿ ನಂದಿಸಲು ಸಜ್ಜಾಗಿರುವ ತಂಡ, ನನ್ನ ಕೈಯಲ್ಲಿತ್ತು. ಹಡಗಿನಲ್ಲಿ ಅಭ್ಯಾಸದ ಪ್ರತಿ ಘೋಷಣೆಯೂ ‘ಫಾರ್ ಎಕ್ಸರ್‌ಸೈಸ್’ ಎಂದೇ ಆರಂಭವಾಗುತ್ತದೆ. ಆ ಮಾತಿಲ್ಲದೆ ‘ಫೈರ್’ ಎಂದು ಕೇಳಿಸಿದರೆ ಅದು ನಿಜವೆಂದೇ ತಿಳಿದು, ಉಣ್ಣುತ್ತಿದ್ದವನೂ ತಟ್ಟೆ ಬಿಟ್ಟು ಓಡಬೇಕು. ಆದರೆ ಅಂದಿನ ದೃಶ್ಯದಲ್ಲಿ ನಟರು ಹೊಗೆಯ ನಡುವೆ ‘ಫೈರ್, ಫೈರ್’ ಎಂದು ಕೂಗುವುದಿತ್ತು. ಹೀಗಾಗಿ ಎಲ್ಲರೂ ಸಾಲಾಗಿ ನಿಲ್ಲುವ ಬೆಳಗಿನ ಫಾಲ್-ಇನ್‌ನಲ್ಲಿ ನಾನೇ ನನ್ನ ಹುಡುಗರಿಗೆ, ‘ಇವತ್ತು ಹೊಗೆ ಕಂಡರೂ ಕೂಗು ಕೇಳಿದರೂ ಅದು ಶೂಟಿಂಗ್‌ನದು, ಯಾರೂ ಓಡಬೇಡಿ’ ಎಂದು ಹೇಳಿದೆ. ವರ್ಷಗಟ್ಟಲೆ ತಿದ್ದಿದ ಕಿವಿಗಳನ್ನು ಒಂದೇ ವಾಕ್ಯದಲ್ಲಿ ಮುಚ್ಚಿಸಿಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಆರೇಳು ಟೇಕ್ ಆಗಿದ್ದವು. ಯಾದಗಿರಿ ಕಡೆಯ ಕಿರಿಯ ನಾವಿಕನೊಬ್ಬ ಬಂದು, ಹಡಗಿನಲ್ಲಿ ನಮ್ಮಿಬ್ಬರಿಗಷ್ಟೇ ತಿಳಿಯುವ ಮಾತಿನಲ್ಲಿ, ‘ಅಣ್ಣಾ, ಬಾಗಲ ಹಿಂದ ಹೊಗಿ ಬರ್ಲತ್ತದ ನೋಡ್ರಿ’ ಎಂದ. ‘ಶೂಟಿಂಗ್ ಹೊಗಿ ಇರ್ತದ, ಬಿಡು’ ಎಂದು ನಾನು ತಲೆ ಎತ್ತದೆಯೇ ಉತ್ತರಿಸಿದೆ. ಅವನು ಹೋದ, ಎರಡು ನಿಮಿಷದಲ್ಲಿ ಮತ್ತೆ ಬಂದು, ಈ ಸಲ ಏನೂ ಹೇಳದೆ ನನ್ನ ತೋಳು ಹಿಡಿದು ಎಳೆದ. ಹೊಗೆ ಯಂತ್ರದ ಹೊಗೆಗೆ ಸ್ವಲ್ಪ ಸಿಹಿ ವಾಸನೆಯಿರುತ್ತದೆ. ಓಣಿಯ ತಿರುವಿನಲ್ಲಿ ನನ್ನ ಗಂಟಲಿಗೆ ಬಡಿದದ್ದು ಸುಟ್ಟ ಪ್ಲಾಸ್ಟಿಕ್ಕಿನ ಘಾಟು.

ಜೆಟ್ಟಿಯ ಮೇಲಿನ ಜನರೇಟರಿನಿಂದ ಲೈಟುಗಳಿಗೆ ಎಳೆದ ಕೇಬಲಿನ ಉಳಿದ ಭಾಗವನ್ನು ಜಲನಿರೋಧಕ ಬಾಗಿಲಿನ ಹಿಂದೆ ಸುತ್ತಿಟ್ಟು, ಅಂದ ಕೆಡದಿರಲೆಂದು ಮೇಲೆ ಕ್ಯಾನ್ವಾಸ್ ಹೊದಿಸಿದ್ದರು. ಭಾರೀ ವಿದ್ಯುತ್ ಹರಿಯುವ ಕೇಬಲ್ ಸುರುಳಿಯಲ್ಲಿದ್ದರೆ ಒಳಗಿನ ಸುತ್ತುಗಳ ಕಾವು ಹೊರಹೋಗಲು ದಾರಿಯಿರುವುದಿಲ್ಲ. ಕ್ಯಾನ್ವಾಸ್ ಹೊತ್ತಿಕೊಂಡಿತ್ತು. ಕೇಬಲ್ಲಿನಲ್ಲಿ ವಿದ್ಯುತ್ ಇದ್ದುದರಿಂದ ನೀರು ಬಿಡುವಂತಿರಲಿಲ್ಲ. ಕೇಬಲ್ ಹೊಸ್ತಿಲನ್ನು ಹಾದು ಹೋಗಿದ್ದರಿಂದ ಬಾಗಿಲು ಮುಚ್ಚುವಂತೆಯೂ ಇರಲಿಲ್ಲ. ನಾನು ‘ಫೈರ್’ ಎಂದು ಕೂಗಿದೆ. ಯಾರೂ ಕದಲಲಿಲ್ಲ. ಕ್ಯಾಮೆರಾದ ಕಡೆಯಿಂದ ಒಬ್ಬ, ಇನ್ನೂ ಟೇಕ್ ಶುರುವಾಗಿಲ್ಲವೆಂಬಂತೆ ಕೈಸನ್ನೆ ಮಾಡಿದ. ಆ ಕ್ಷಣ ಇಂದಿಗೂ ನನ್ನನ್ನು ಚುಚ್ಚುತ್ತದೆ. ಹುಡುಗನನ್ನು ಜನರೇಟರ್ ನಿಲ್ಲಿಸಲು ಜೆಟ್ಟಿಗೆ ಇಳಿಯುವ ಗ್ಯಾಂಗ್‌ವೇ ಕಡೆ ಓಡಿಸಿ, ಗೋಡೆಯ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕಿತ್ತುಕೊಂಡು ನಾನೇ ಬೆಂಕಿಯ ಮೇಲೆ ಖಾಲಿ ಮಾಡಿದೆ. ಬೆಂಕಿ ಆರಿತು, ಯಾರಿಗೂ ಗಾಯವಾಗಲಿಲ್ಲ.

ವಿಚಾರಣೆಯಲ್ಲಿ ಕೇಬಲಿನ ಪ್ರಶ್ನೆಯೇ ದೊಡ್ಡದಾಯಿತು. ಅದು ಸರಿಯೇ, ಮೇಲಿನಿಂದ ಬಂದ ಕಾರ್ಯಕ್ರಮ ಪಟ್ಟಿಯಲ್ಲಿ ಅತಿಥಿಗಳ ಚಹಾದ ವೇಳೆಯಿತ್ತು, ಯಾವ ಬಾಗಿಲಿನಿಂದ ಕೇಬಲ್ ಹೋಗುತ್ತದೆಂಬುದು ಇರಲಿಲ್ಲ. ಆದರೆ ಬೆಳಿಗ್ಗೆ ನಾನು ಹೇಳಿದ ಆ ವಾಕ್ಯದ ಬಗ್ಗೆ ಯಾರೂ ಕೇಳಲಿಲ್ಲ, ನಾನಾಗಿಯೇ ಹೇಳಿದೆ. ಮೂರನೆಯ ದಿನ ಪ್ರತಿ ಟೇಕಿಗೆ ಮೊದಲು ಸೀಟಿ ಊದಿಸಿದೆವು. ಸೀಟಿಯಿಲ್ಲದ ಹೊಗೆಯೆಲ್ಲ ನಿಜವಾದ ಹೊಗೆಯೆಂದು ಹುಡುಗರಿಗೆ ತಿಳಿಸಿದೆ.

ನಮ್ಮ ಮಿಲ್ಲಿನ ಹೊಟ್ಟಿಗೂ ಬೇಳೆಯ ಧೂಳಿಗೂ ಬೆಂಕಿ ತಗುಲಲು ಹೆಚ್ಚು ಹೊತ್ತು ಬೇಡ. ಹೊತ್ತಾಗುತ್ತದೆಂದು ಲೈಟಿನವರು ಗೊಣಗಿದರೂ ಚಿತ್ರೀಕರಣ ನಿಲ್ಲಿಸಿ, ಸುರುಳಿ ಬಿಚ್ಚಿಸಿ, ಕೇಬಲನ್ನು ಅಂಗಳದ ಉದ್ದಕ್ಕೂ ಚಾಚಿಸಿದೆ. ಒಳಗಿನ ಸುತ್ತುಗಳಿದ್ದ ಜಾಗವನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿದೆ, ಆಗಲೇ ಬೆಚ್ಚಗಾಗಿತ್ತು.